ಗಣಕ ಮೂಕವಾದರೆ

ಬೆಂಗಳೂರಿನ ಪೂರ್ವಭಾಗದಲ್ಲಿ ನಾವು ವಾಸಿಸುತ್ತಿರುವ ಬಡಾವಣೆಗೆ ಸರ್ ಸಿ. ವಿ. ರಾಮನ್ನರ ಹೆಸರನ್ನಿಟ್ಟಿದ್ದಾರೆ. ಆ ಹೆಸರನ್ನು ಕೇಳಿದೊಡನೆ ವಿದ್ಯಾರ್ಥಿಗಳ ಮನಸ್ಸಿಗೆ ಬರುವುದು ಬೆಳಕು. 1928ರಲ್ಲಿ ಅವರು ಕಂಡುಹಿಡಿದ, ಅವರದೇ ಹೆಸರಿನ ಪರಿಣಾಮ. ಆದರೆ ಬೆಳಕಿನ ಕಡೆಗೆ ಪೂರ್ಣವಾಗಿ ತಿರುಗುವ ಮುನ್ನ ರಾಮನ್ನರು ಬಹುಕಾಲ ಧ್ವನಿಯ ಅಭ್ಯಾಸದಲ್ಲಿ ಮುಳುಗಿದ್ದರೆಂಬುದನ್ನು ಬಲ್ಲವರು ಕಡಮೆ. ಮೃದಂಗದ ಮುಖದ ನಡುವೆ ಹಚ್ಚುವ ಕರಣೆಯು ಅದರ ನಾದವನ್ನು ಹೇಗೆ ಸಂಗೀತಕ್ಕೆ ತಕ್ಕಂತೆ ಹದಗೊಳಿಸುತ್ತದೆ ಎಂಬುದನ್ನು ಅವರೂ ಅವರ ಸಹೋದ್ಯೋಗಿಯೊಬ್ಬರೂ 1920ರಲ್ಲಿಯೇ ವಿವರಿಸಿದ್ದರು. 1968ರಲ್ಲಿ, ಎಂಬತ್ತರ ಹೊಸ್ತಿಲಲ್ಲಿ ನಿಂತು, ಮನುಷ್ಯನ ನೋಟದ ಬಗೆಯನ್ನು ಕುರಿತು ಒಂದು ಗ್ರಂಥವನ್ನು ಪ್ರಕಟಿಸಿದರು. ಕಿವಿಯಿಂದ ಕಣ್ಣಿನವರೆಗೆ ಹರಿದ ಜೀವನವದು. ಅರಿವಿಗೆ ಇವೆರಡೂ ಬಾಗಿಲುಗಳೇ.

ಕಣ್ಣಿನ ಬಾಗಿಲು ಮುಚ್ಚಿರುವವರಿಗೆ ಕಿವಿಯ ಬಾಗಿಲನ್ನಾದರೂ ನಾವು ತೆರೆದಿಟ್ಟಿದ್ದೇವೆಯೆ? ಈ ಪ್ರಶ್ನೆ ನಮಗೆ ಗ್ರಂಥದಿಂದ ಬಂದುದಲ್ಲ. ಒಬ್ಬ ವಿದ್ಯಾರ್ಥಿಯಿಂದ ಬಂದುದು.

ನಾವು ಪಾಠ ಹೇಳುವ ಕಾಲೇಜಿನ ಗಣಕ ಪ್ರಯೋಗಾಲಯದಲ್ಲಿ ಇರುವ ಯಂತ್ರಗಳು ಹಳೆಯವು. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಸಾಮಾನ್ಯ ಬೆಂಬಲದ ಅವಧಿ ಮುಗಿಯಿತು. ಅದರ ಮುಂದಿನ ಆವೃತ್ತಿಯನ್ನು ಹೊರುವ ಶಕ್ತಿ ಈ ಯಂತ್ರಗಳಿಗಿಲ್ಲ. ಹೊಸ ಯಂತ್ರಗಳನ್ನು ಕೊಳ್ಳುವ ಶಕ್ತಿ ಕಾಲೇಜಿಗಿಲ್ಲ. ಆದಕಾರಣ ಅವುಗಳಲ್ಲಿ ಲಿನಕ್ಸನ್ನು ಅಳವಡಿಸುವುದೆಂದು ಒಂದು ಸಣ್ಣ ಸಮಿತಿ ತೀರ್ಮಾನಿಸಿತು. ಲಿನಕ್ಸ್ ಎಂಬುದು ಯಾರು ಬೇಕಾದರೂ ಪಡೆದು, ಬಿಚ್ಚಿ ನೋಡಿ, ತಿದ್ದಿ, ಹಂಚಬಹುದಾದ ಕಾರ್ಯಾಚರಣ ವ್ಯವಸ್ಥೆ. 1991ರಲ್ಲಿ ಫಿನ್‌ಲೆಂಡಿನ ಲಿನಸ್ ಟೊರ್ವಾಲ್ಡ್ಸ್ ಎಂಬ ವಿದ್ಯಾರ್ಥಿ ಅದರ ತಿರುಳನ್ನು ರಚಿಸಿದನು. ಸಮಿತಿಯ ತೀರ್ಮಾನ ಸರಿಯಾದುದೇ. ಆ ಸಮಿತಿಯಲ್ಲಿ ನಾವೂ ಇದ್ದೆವು.

ರಜೆ ಮುಗಿದು ಪ್ರಯೋಗಾಲಯ ತೆರೆದ ದಿನ ಬಿ.ಸಿ.ಎ. ತರಗತಿಯ ಒಬ್ಬ ವಿದ್ಯಾರ್ಥಿ ತನ್ನ ಯಂತ್ರದ ಮುಂದೆ ಕೈಕಟ್ಟಿ ಕುಳಿತಿದ್ದನು. ಹುಟ್ಟಿನಿಂದಲೇ ದೃಷ್ಟಿ ಇಲ್ಲದ ಹುಡುಗ. ಯಂತ್ರ ಕೆಟ್ಟಿದೆಯೇ ಎಂದು ವಿಚಾರಿಸಿದೆವು. “ಕೆಟ್ಟಿಲ್ಲ ಸರ್. ಇದಕ್ಕೆ ಮಾತು ಬರುತ್ತಿಲ್ಲ, ಅಷ್ಟೆ” ಎಂದನು. ಪಕ್ಕದವನು ತೆರೆಯ ಮೇಲಿನದನ್ನು ಓದಿ ಹೇಳಲಾರನೆ ಎಂದು ಕೇಳಿದ್ದಕ್ಕೆ, “ಹೇಳುತ್ತಾನೆ ಸರ್. ಆದರೆ ಆಗ ಪರೀಕ್ಷೆ ಅವನದಾಗಿಬಿಡುತ್ತದೆ” ಎಂಬ ಉತ್ತರ ಬಂತು.

ಸಮಿತಿಯ ಪಟ್ಟಿಯನ್ನು ನಾವು ಮತ್ತೆ ತೆಗೆದು ನೋಡಿದೆವು. ಯಂತ್ರದ ವೇಗ, ಸ್ಮೃತಿಯ ಗಾತ್ರ, ಮುದ್ರಕದ ಹೊಂದಾಣಿಕೆ, ಖರ್ಚು ಎಲ್ಲವೂ ಅದರಲ್ಲಿದ್ದುವು. ಯಂತ್ರ ಮಾತನಾಡುತ್ತದೆಯೆ ಎಂಬ ಒಂದು ಸಾಲು ಇರಲಿಲ್ಲ. ಹಗುರವಾಗಿರಲೆಂದು ನಾವು ಆರಿಸಿಕೊಂಡ ಏರ್ಪಾಡಿನಲ್ಲಿ ಮಾತಿನ ಭಾಗಗಳೇ ಬಿಟ್ಟುಹೋಗಿದ್ದುವು. ಹುಡುಗನಿಗೆ ಕೇಡಾಗಲೆಂದು ಯಾರೂ ಬಯಸಿರಲಿಲ್ಲ. ಯಾರೂ ಅವನನ್ನು ನೆನೆದಿರಲಿಲ್ಲ. ಈ ಲೇಖನದಲ್ಲಿ ನಾವು ಹೇಳಹೊರಟಿರುವುದು ಈ ಮರೆವನ್ನು ಕುರಿತು. ಅದು ಕ್ಷಮಿಸಬಹುದಾದ ಸಣ್ಣ ತಪ್ಪೆಂದು ನಾವು ಹಿಂದೆ ಭಾವಿಸಿದ್ದೆವು. ಈಗ ಹಾಗೆ ಭಾವಿಸುವುದಿಲ್ಲ.

ದೃಷ್ಟಿ ಇಲ್ಲದವರು ಗಣಕವನ್ನು ಬಳಸುವುದು ಹೇಗೆಂದು ಕೆಲವು ವಾಚಕರಿಗೆ ಆಶ್ಚರ್ಯವಾಗಬಹುದು. ತೆರೆಯ ಮೇಲಿರುವುದನ್ನು ಓದಿ ಹೇಳುವ ತಂತ್ರಾಂಶವೊಂದುಂಟು. ಅದನ್ನು ಸ್ಕ್ರೀನ್ ರೀಡರ್ ಎಂದು ಕರೆಯುತ್ತಾರೆ. ಅದು ಚಿತ್ರವನ್ನು ಕಂಡು ಓದುತ್ತದೆಂದು ಹಲವರು ತಿಳಿದಿದ್ದಾರೆ. ಹಾಗಲ್ಲ. ಪ್ರತಿಯೊಂದು ತಂತ್ರಾಂಶವೂ ತೆರೆಯ ಮೇಲೆ ಚಿತ್ರವನ್ನು ಬರೆಯುವುದರ ಜೊತೆಗೆ ತೆರೆಯ ಹಿಂದೆ ಒಂದು ವಂಶವೃಕ್ಷವನ್ನೂ ಬರೆದಿಡಬೇಕು: ಇದು ಕಿಟಕಿ, ಇದರೊಳಗೆ ಒಂದು ಪಟ್ಟಿ, ಪಟ್ಟಿಯೊಳಗೆ ಮೂರು ಗುಂಡಿ. ವೃಕ್ಷದ ಒಂದೊಂದು ಎಲೆಗೂ ಮೂರು ವಿವರಗಳು ಬೇಕು. ಅದು ಏನು? ಅದರ ಹೆಸರೇನು? ಅದು ಈಗ ಯಾವ ಸ್ಥಿತಿಯಲ್ಲಿದೆ? “ಗುಂಡಿ, ಉಳಿಸು, ಒತ್ತಬಹುದು” ಎಂಬ ಮೂರು ವಿವರಗಳಿದ್ದರೆ ಕಾಣದವನಿಗೂ ಗುಂಡಿ ಕಂಡಂತೆಯೆ.

ಲಿನಕ್ಸಿನಲ್ಲಿ ಈ ಕೆಲಸವನ್ನು ಮಾಡುವ ಸ್ಕ್ರೀನ್ ರೀಡರಿನ ಹೆಸರು ಓರ್ಕಾ. ಕೀಲಿಮಣೆಯ ಮೇಲೆ ಬೆರಳು ಆಡಿ ಗಮನವು ಒಂದು ಗುಂಡಿಯಿಂದ ಇನ್ನೊಂದಕ್ಕೆ ಸರಿದೊಡನೆ ತಂತ್ರಾಂಶವು ಸಂದೇಶವೊಂದನ್ನು ಕಳುಹಿಸುತ್ತದೆ. ಓರ್ಕಾ ಅದನ್ನು ಕೇಳಿಸಿಕೊಂಡು, ಹೆಸರನ್ನೂ ಬಗೆಯನ್ನೂ ಕೂಡಿಸಿ ಒಂದು ವಾಕ್ಯವನ್ನಾಗಿ ಮಾಡಿ, ಮಾತನ್ನು ಉತ್ಪಾದಿಸುವ ಭಾಗಕ್ಕೆ ಒಪ್ಪಿಸುತ್ತದೆ. ಬೇಕಾದರೆ ಬೆರಳಿಗೆ ತಾಗುವ ಬ್ರೈಲ್ ಚುಕ್ಕಿಗಳಾಗಿಯೂ ಎಬ್ಬಿಸುತ್ತದೆ. ಈ ಸರಪಳಿಯಲ್ಲಿ ಒಂದು ಕೊಂಡಿ ಕಳಚಿದರೆ ಸಾಕು, ಗಣಕ ಮೂಕವಾಗುತ್ತದೆ. ಇನ್ನೂ ಒಂದು ಬಗೆಯ ಅನಾಹುತವುಂಟು. ಸರಪಳಿ ಸರಿಯಾಗಿಯೇ ಇದ್ದು ತಂತ್ರಾಂಶ ರಚಿಸಿದವರು ಹೆಸರುಗಳನ್ನೇ ಬರೆಯದಿರುವುದು. ನಮ್ಮ ಕಾಲೇಜಿನ ಹಿರಿಯ ವಿದ್ಯಾರ್ಥಿಗಳು ಪ್ರಶ್ನಪರೀಕ್ಷೆಗಾಗಿ ಒಂದು ತಂತ್ರಾಂಶವನ್ನು ರಚಿಸಿದ್ದರು. ನೋಡಲು ಬಲು ಸೊಗಸು. ಗುಂಡಿಗಳ ಮೇಲೆ ಅಕ್ಷರಗಳ ಬದಲು ಪುಟ್ಟ ಚಿತ್ರಗಳು. ಓರ್ಕಾ ಅದನ್ನು ಓದಿದ್ದು ಹೀಗೆ: “ಗುಂಡಿ. ಗುಂಡಿ. ಗುಂಡಿ. ಗುಂಡಿ.” ನಾಲ್ಕು ಬಾಗಿಲಿನ ಮನೆಯಲ್ಲಿ ಯಾವುದು ಬಚ್ಚಲು, ಯಾವುದು ಬೀದಿ ಎಂದು ಹೇಳದೆ ನೆಂಟನನ್ನು ಕತ್ತಲಲ್ಲಿ ಬಿಟ್ಟಂತಾಯಿತು.

ಓರ್ಕಾ ಹೇಗೆ ಹುಟ್ಟಿತು ಎಂಬುದು ತಿಳಿದಿರತಕ್ಕ ಸಂಗತಿ. ಸನ್ ಮೈಕ್ರೋಸಿಸ್ಟಮ್ಸ್ ಎಂಬ ಅಮೆರಿಕದ ಸಂಸ್ಥೆಯಲ್ಲಿ ಅದರ ಮೊದಲ ರೂಪವನ್ನು ರಚಿಸಿದ ಮಾರ್ಕ್ ಮುಲ್ಕಾಹಿ ಸ್ವತಃ ದೃಷ್ಟಿಹೀನರು. ಓರ್ಕಾ ಎಂದರೆ ಕಡಲಿನ ಒಂದು ದೊಡ್ಡ ಪ್ರಾಣಿ; ಸ್ಕ್ರೀನ್ ರೀಡರುಗಳಿಗೆ ಜಲಚರಗಳ ಹೆಸರಿಡುವ ವಾಡಿಕೆಯನ್ನು ಅನುಸರಿಸಿ ಇಟ್ಟುದು. 2006ರ ಸೆಪ್ಟೆಂಬರಿನಲ್ಲಿ, ಲಿನಕ್ಸಿನಲ್ಲಿ ಬಹುವಾಗಿ ಬಳಕೆಯಲ್ಲಿರುವ ಗ್ನೋಮ್ ಎಂಬ ಮೇಜುತೆರೆಯ ಅಧಿಕೃತ ಅಂಗವಾಗಿ ಅದು ಸೇರಿತು. 2010ರಲ್ಲಿ ಸನ್ ಸಂಸ್ಥೆಯನ್ನು ಒರಾಕಲ್ ಸಂಸ್ಥೆ ಕೊಂಡ ಮೇಲೆ ಈ ಕೆಲಸಕ್ಕೆ ಸಂಬಳ ಪಡೆಯುತ್ತಿದ್ದವರ ಸಂಖ್ಯೆ ಇಳಿಯಿತು. ಅನಂತರದ ವರ್ಷಗಳಲ್ಲಿ ಜೋನ್‌ಮೇರಿ ಡಿಗ್ಸ್ ಎಂಬ ಮಹಿಳೆ ಅದನ್ನು ಮುಖ್ಯವಾಗಿ ನಡೆಸಿಕೊಂಡು ಬಂದರು. ಜಗತ್ತಿನ ದೃಷ್ಟಿಹೀನ ಲಿನಕ್ಸ್ ಬಳಕೆದಾರರ ಕಿವಿ ಹೀಗೆ ಬೆರಳೆಣಿಕೆಯ ಜನರ ದುಡಿಮೆಯ ಮೇಲೆ ನಿಂತಿತು.

ಇದರಿಂದ ಏನಾಯಿತೆಂಬುದಕ್ಕೆ ಒಂದು ಸ್ಪಷ್ಟ ನಿದರ್ಶನವುಂಟು. ಲಿನಕ್ಸಿನಲ್ಲಿ ತೆರೆಯ ಮೇಲೆ ಚಿತ್ರ ಮೂಡಿಸುವ ಹಳೆಯ ಏರ್ಪಾಡಿಗೆ ಎಕ್ಸ್ ಎಂದು ಹೆಸರು. ಅದರಲ್ಲಿ ಯಾವ ತಂತ್ರಾಂಶ ಬೇಕಾದರೂ ನೀವು ಒತ್ತುವ ಪ್ರತಿಯೊಂದು ಕೀಲಿಯನ್ನೂ ಕದ್ದು ಕೇಳಬಹುದಾಗಿತ್ತು. ಗುಪ್ತಪದವನ್ನು ಕದಿಯುವವರಿಗೆ ಇದು ಅನುಕೂಲ. ಆದರೆ ಓರ್ಕಾವಿಗೂ ಇದೇ ದಾರಿಯೇ ಆಧಾರವಾಗಿತ್ತು: ಬಳಕೆದಾರನು ಯಾವ ತಂತ್ರಾಂಶದಲ್ಲಿದ್ದರೂ “ಈ ಸಾಲನ್ನು ಮತ್ತೆ ಓದು” ಎಂಬ ಕೀಲಿಯನ್ನು ಒತ್ತಿದರೆ ಅದು ಓರ್ಕಾವಿಗೆ ಕೇಳಿಸಬೇಕಷ್ಟೆ. 2008ರಲ್ಲಿ ಆರಂಭವಾದ ವೇಲ್ಯಾಂಡ್ ಎಂಬ ಹೊಸ ಏರ್ಪಾಡು ಈ ಕಿಂಡಿಯನ್ನು ಮುಚ್ಚಿತು. ಕಳ್ಳನಿಗಾಗಿ ಮುಚ್ಚಿದ ಕಿಂಡಿಯಿಂದಲೇ ಮನೆಯವನಿಗೂ ಗಾಳಿ ಬರುತ್ತಿತ್ತು. 2016ರ ಕೊನೆಯಲ್ಲಿ ಫೆಡೋರಾ ಎಂಬ ಪ್ರಸಿದ್ಧ ಲಿನಕ್ಸ್ ವಿತರಣೆ ವೇಲ್ಯಾಂಡನ್ನೇ ಸಹಜ ಆಯ್ಕೆಯನ್ನಾಗಿ ಮಾಡಿತು. ಸ್ಕ್ರೀನ್ ರೀಡರಿನ ಕೀಲಿಗಳಿಗೆ ತಕ್ಕ ದಾರಿಯನ್ನು ಗ್ನೋಮ್ ಕಲ್ಪಿಸಿದ್ದು 2025ರ ಮಾರ್ಚ್‌ನಲ್ಲಿ ಹೊರಬಂದ 48ನೆಯ ಆವೃತ್ತಿಯಲ್ಲಿ. ನಡುವೆ ಎಂಟು ವರ್ಷಗಳಿಗೂ ಮಿಕ್ಕಿದ ಕಾಲ ಅರೆಬರೆಯ ಏರ್ಪಾಡಿನಲ್ಲಿ ಕಳೆಯಿತು. ಎಂಟು ವರ್ಷವೆಂದರೆ ಒಬ್ಬ ಹುಡುಗನು ಪ್ರೌಢಶಾಲೆಯನ್ನು ಸೇರಿ ಪದವಿಯನ್ನು ಪಡೆಯುವಷ್ಟು ಕಾಲ.

ವೇಲ್ಯಾಂಡ್ ತಪ್ಪೆಂದು ನಾವು ಹೇಳುತ್ತಿಲ್ಲ. ಭದ್ರತೆಯ ದೃಷ್ಟಿಯಿಂದ ಅದು ಬೇಕೇ ಬೇಕಾಗಿದ್ದ ಸುಧಾರಣೆ. ನಮ್ಮ ವಾದವಿಷ್ಟೆ: ತಳಪಾಯವನ್ನು ಬದಲಾಯಿಸುವಾಗ ಕಣ್ಣಿಗೆ ಕಾಣುವುದನ್ನು ಮೊದಲ ದಿನವೇ ಸರಿಪಡಿಸುತ್ತಾರೆ, ಕಿವಿಗೆ ಕೇಳಬೇಕಾದುದನ್ನು ಕೊನೆಗೆ ಬಿಡುತ್ತಾರೆ. ತೆರೆಯೇ ಮೂಡದ ಆವೃತ್ತಿಯನ್ನು ಯಾರಾದರೂ ಬಿಡುಗಡೆ ಮಾಡುವರೆ? ಹಾಗಾದರೆ ಮಾತನಾಡದ ಆವೃತ್ತಿಯನ್ನೇಕೆ ಬಿಡುಗಡೆ ಮಾಡಬೇಕು?

ನಮ್ಮ ಬಡಾವಣೆಗೆ ಹತ್ತಿರದ ಬೈಯಪ್ಪನಹಳ್ಳಿ ಮೆಟ್ರೋ ನಿಲ್ದಾಣದಲ್ಲಿ ಈ ಸಂಗತಿ ನಮಗೆ ಮನವರಿಕೆಯಾಯಿತು. ಮೆಟ್ರೋ ನಿಲ್ದಾಣಗಳ ನೆಲದ ಮೇಲೆ ಉಬ್ಬುಗೆರೆಗಳಿರುವ ಹಳದಿ ಬಿಲ್ಲೆಗಳನ್ನು ಹಾಸಿರುತ್ತಾರೆ. ಕೋಲಿನ ತುದಿಯಿಂದಲೋ ಪಾದದಿಂದಲೋ ಅವನ್ನು ಅನುಸರಿಸಿ ದೃಷ್ಟಿಹೀನರು ನಡೆಯಬಹುದು. ನಿಲ್ದಾಣವನ್ನು ಕಟ್ಟುವಾಗಲೇ ಹಾಸಿದುದರಿಂದ ಅವು ಅಡ್ಡಿಯಿಲ್ಲದೆ ಸಾಗುತ್ತವೆ. ಅದೇ ಬಿಲ್ಲೆಗಳನ್ನು ನಗರದ ಹಳೆಯ ಕಾಲುದಾರಿಗಳಲ್ಲಿ ಆಮೇಲೆ ಹಾಸಿರುವೆಡೆ, ಗೆರೆಯು ನೇರವಾಗಿ ಹೋಗಿ ವಿದ್ಯುತ್ ಕಂಬಕ್ಕೆ ಹಾಯುವುದನ್ನು ನೋಡಿದ್ದೇವೆ. ಮೊದಲೇ ಯೋಚಿಸಿದ್ದಕ್ಕೂ ಆಮೇಲೆ ಅಂಟಿಸಿದ್ದಕ್ಕೂ ಇರುವ ಅಂತರ ಇದೇ.

ಇನ್ನು ಕನ್ನಡದ ವಿಚಾರ. ಲಿನಕ್ಸಿನಲ್ಲಿ ಸಾಮಾನ್ಯವಾಗಿ ಮಾತನ್ನು ಉತ್ಪಾದಿಸುವುದು ಇಸ್ಪೀಕ್ ಎನ್‌ಜಿ ಎಂಬ ಚಿಕ್ಕ ತಂತ್ರಾಂಶ. ಭೌತವಿಜ್ಞಾನದ ವಿದ್ಯಾರ್ಥಿಗಳಿಗೆ ಅದರ ಕೆಲಸ ಅರ್ಥವಾಗದಿರದು. ನಮ್ಮ ಗಂಟಲಿನ ಸ್ವರತಂತುಗಳು ಕಂಪಿಸಿದಾಗ ಹಲವು ಆವೃತ್ತಿಗಳ ಒಂದು ಮಿಶ್ರಧ್ವನಿ ಹುಟ್ಟುತ್ತದೆ. ಬಾಯಿಯ ಪೊಳ್ಳು ಅವುಗಳಲ್ಲಿ ಕೆಲವನ್ನು ಅನುರಣನದಿಂದ ಎತ್ತಿ ಹಿಡಿಯುತ್ತದೆ. ಗಂಡಸಿನ ಕಂಠದಲ್ಲಿ ‘ಆ’ ಎಂಬ ಸ್ವರಕ್ಕೆ ಸುಮಾರು 700 ಮತ್ತು 1100 ಹರ್ಟ್ಸ್‌ಗಳ ಬಳಿ, ‘ಈ’ ಎಂಬ ಸ್ವರಕ್ಕೆ ಸುಮಾರು 300 ಮತ್ತು 2300 ಹರ್ಟ್ಸ್‌ಗಳ ಬಳಿ ಇಂಥ ಶಿಖರಗಳಿರುತ್ತವೆ. ಈ ಶಿಖರಗಳನ್ನು ಲೆಕ್ಕದಿಂದಲೇ ಕಟ್ಟಿ ಇಸ್ಪೀಕ್ ಮಾತನಾಡುತ್ತದೆ. ಮನುಷ್ಯನ ಧ್ವನಿಯನ್ನು ಮುದ್ರಿಸಿಟ್ಟುಕೊಳ್ಳುವ ಅಗತ್ಯ ಬಹುಮಟ್ಟಿಗೆ ಇಲ್ಲದಿರುವುದರಿಂದ ಅದು ಕೆಲವೇ ಮೆಗಾಬೈಟುಗಳಲ್ಲಿ ಅಡಗಿ, ಹಳೆಯ ಯಂತ್ರದಲ್ಲಿಯೂ ಚುರುಕಾಗಿ ಓಡುತ್ತದೆ. ನೂರಕ್ಕೂ ಹೆಚ್ಚು ಭಾಷೆಗಳಲ್ಲಿ ಅದು ಮಾತನಾಡಬಲ್ಲದು. ಅವುಗಳಲ್ಲಿ ಕನ್ನಡವೂ ಒಂದು.

ಬರೆದಂತೆ ಓದುವ ಭಾಷೆಯಾದುದರಿಂದ ಕನ್ನಡವನ್ನು ಯಂತ್ರಕ್ಕೆ ಕಲಿಸುವುದು ಇಂಗ್ಲಿಷಿಗಿಂತ ಸುಲಭವೆಂದು ಹೇಳಬಹುದು. ಆದರೆ ಸುಲಭವೆಂದ ಮಾತ್ರಕ್ಕೆ ಕೆಲಸ ಮುಗಿಯಲಿಲ್ಲ. ಲಕಾರ ಳಕಾರಗಳ ಭೇದ ಮಸುಕಾದರೆ ‘ಹಳ್ಳಿ’ಯು ‘ಹಲ್ಲಿ’ಯಾಗುತ್ತದೆ, ‘ಬೆಳೆ’ಯೂ ‘ಬೆಲೆ’ಯೂ ಒಂದೇ ಆಗುತ್ತವೆ. ಮಹಾಪ್ರಾಣ ಕೇಳಿಸದಿದ್ದರೆ ‘ಧನ’ವು ‘ದನ’ವಾಗುತ್ತದೆ. ‘ಕಿ.ಮೀ.’ ಎಂಬ ಸಂಕ್ಷೇಪವನ್ನು ಹೇಗೆ ಬಿಡಿಸಬೇಕು, ಕನ್ನಡ ವಾಕ್ಯದ ನಡುವೆ ಬಂದ ಇಂಗ್ಲಿಷ್ ಪದವನ್ನು ಯಾವ ನಾಲಗೆಯಿಂದ ನುಡಿಯಬೇಕು ಎಂಬುದನ್ನು ಯಂತ್ರಕ್ಕೆ ಹೇಳಿಕೊಡಬೇಕಾದವರು ಯಾರು? ಕನ್ನಡವನ್ನು ಬಲ್ಲವರೇ. ಈ ನಿಯಮಗಳೆಲ್ಲ ಯಾರು ಬೇಕಾದರೂ ತೆರೆದು ತಿದ್ದಬಹುದಾದ ಸಾಮಾನ್ಯ ಅಕ್ಷರಕಡತಗಳಲ್ಲಿವೆ.

ಇದಕ್ಕಿಂತ ದೊಡ್ಡ ತೊಡಕೊಂದುಂಟು. ಒಂದು ಕಾಲದಲ್ಲಿ ಕನ್ನಡಕ್ಕೆ ಮಹೋಪಕಾರ ಮಾಡಿದ ‘ನುಡಿ’, ‘ಬರಹ’ ಮುಂತಾದ ತಂತ್ರಾಂಶಗಳ ಹಳೆಯ ಅಕ್ಷರಶೈಲಿಗಳಲ್ಲಿ, ತೆರೆಯ ಮೇಲೆ ಕಾಣುವುದು ಕನ್ನಡವಾದರೂ ಒಳಗೆ ಅಡಗಿರುವುದು ರೋಮನ್ ಅಕ್ಷರಗಳ ಸಂಕೇತಗಳು. ಸ್ಕ್ರೀನ್ ರೀಡರಿಗೆ ಮುಖವಾಡ ಕಾಣುವುದಿಲ್ಲ, ಒಳಗಿರುವುದೇ ಕಾಣುತ್ತದೆ. ಅಂಥ ಕಡತವನ್ನು ಅದು ಓದಿದರೆ ಅರ್ಥವಿಲ್ಲದ ರೋಮನ್ ಅಕ್ಷರಗಳ ಸುರಿಮಳೆಯಾಗುತ್ತದೆ. ಯೂನಿಕೋಡ್ ಸಂಕೇತದಲ್ಲಿ ಬರೆದಾಗ ಮಾತ್ರ ಕನ್ನಡದ ಅಕ್ಷರ ಯಂತ್ರಕ್ಕೂ ಕನ್ನಡವೇ. ಪುಟದ ಛಾಯಾಚಿತ್ರ ತೆಗೆದು ಹಂಚುವ ಟಿಪ್ಪಣಿಗಳಂತೂ ಸ್ಕ್ರೀನ್ ರೀಡರಿಗೆ ಖಾಲಿ ಹಾಳೆಯೇ ಸರಿ. ಇಂಥ ಪುಟಗಳನ್ನು ಗುರುತಿಸಿ ಅಕ್ಷರಕ್ಕಿಳಿಸುವ ‘ಲಿಪಿಜ್ಞಾನಿ’ ಎಂಬ ತಂತ್ರಾಂಶವನ್ನು ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರಾಧ್ಯಾಪಕ ಎ. ಜಿ. ರಾಮಕೃಷ್ಣನ್ನರ ಪ್ರಯೋಗಾಲಯ ರಚಿಸಿದೆ. ಕನ್ನಡ ಪಠ್ಯವನ್ನು ನುಡಿಯುವ ವ್ಯವಸ್ಥೆಯನ್ನೂ ಅಲ್ಲಿ ಸಿದ್ಧಗೊಳಿಸಿದ್ದಾರೆ. ವಿದ್ವಾಂಸರು ತಮ್ಮ ಪಾಲಿನದನ್ನು ಮಾಡಿದ್ದಾರೆ. ಟಿಪ್ಪಣಿಗಳನ್ನು ಬರೆದು ಹಂಚುವ ಅಧ್ಯಾಪಕರಾದ ನಾವು ನಮ್ಮ ಪಾಲಿನದನ್ನು ಮಾಡಿಲ್ಲ.

ಇಲ್ಲಿ ಕೆಲವು ಆಕ್ಷೇಪಣೆಗಳು ಏಳುತ್ತವೆ. ಅವನ್ನು ನ್ಯಾಯವಾಗಿ ಪರಿಶೀಲಿಸಬೇಕು.

ಮೊದಲನೆಯದು: ವಿಂಡೋಸಿನಲ್ಲಿ ಎನ್‌ವಿಡಿಎ ಎಂಬ ಉತ್ತಮ ಸ್ಕ್ರೀನ್ ರೀಡರ್ ಬೆಲೆಯಿಲ್ಲದೆ ದೊರೆಯುತ್ತದೆ, ದೃಷ್ಟಿಹೀನರು ಅದನ್ನೇ ಬಳಸಲಿ, ಲಿನಕ್ಸಿನ ಗೊಡವೆ ಅವರಿಗೇಕೆ? ಆಸ್ಟ್ರೇಲಿಯದ ಮೈಕಲ್ ಕರನ್ ಎಂಬ ದೃಷ್ಟಿಹೀನ ತರುಣ 2006ರಲ್ಲಿ ಆರಂಭಿಸಿದ ಎನ್‌ವಿಡಿಎ ನಿಜವಾಗಿಯೂ ದೊಡ್ಡ ಉಪಕಾರ. ಅದನ್ನು ಬಿಡಿರೆಂದು ಯಾರೂ ಹೇಳುವುದಿಲ್ಲ. ಆದರೆ ನಮ್ಮ ಕಾಲೇಜಿನಲ್ಲಿ ಆದಂತೆ ಯಂತ್ರಗಳೇ ಲಿನಕ್ಸಿಗೆ ಬದಲಾದರೆ ಆ ವಿದ್ಯಾರ್ಥಿ ಎಲ್ಲಿಗೆ ಹೋಗಬೇಕು? ಕೇರಳದ ಸರ್ಕಾರಿ ಶಾಲೆಗಳಲ್ಲಿ ಗಣಕಶಿಕ್ಷಣ ಮುಕ್ತ ತಂತ್ರಾಂಶದಲ್ಲಿಯೇ ನಡೆಯುವುದರಿಂದ ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳು ಲಿನಕ್ಸಿನ ಮುಂದೆಯೇ ಕುಳಿತು ಕಲಿಯುತ್ತಾರೆ. ಇನ್ನು ನಮ್ಮ ಬಡಾವಣೆಯನ್ನೇ ನೋಡಿರಿ. ಒಂದು ಕಡೆ ರಕ್ಷಣಾ ಸಂಶೋಧನೆಯ ಪ್ರಯೋಗಾಲಯಗಳು, ಇನ್ನೊಂದು ಕಡೆ ತಂತ್ರಾಂಶ ಸಂಸ್ಥೆಗಳ ಗಾಜಿನ ಕಟ್ಟಡಗಳು. ವಿಜ್ಞಾನದ ದೊಡ್ಡ ಲೆಕ್ಕಗಳು ನಡೆಯುವುದೂ ಅಂತರಜಾಲದ ಬಹುಪಾಲು ಸೇವೆಗಳು ನಿಂತಿರುವುದೂ ಲಿನಕ್ಸಿನ ಮೇಲೆ. ಈ ಬಾಗಿಲನ್ನು ಮುಚ್ಚಿದರೆ ದೃಷ್ಟಿಹೀನ ತರುಣನು ಗಣಕವನ್ನು ಬಳಸುವವನಾಗಿ ಉಳಿಯಬಹುದೇ ಹೊರತು ಅದನ್ನು ಕಟ್ಟುವವನಾಗುವುದು ಕಷ್ಟ.

ಕಟ್ಟುವವನಾಗಬಲ್ಲನೆ ಎಂಬ ಸಂದೇಹವಿರುವವರು ಇನ್ನೊಬ್ಬ ರಾಮನ್ನರ ಕಥೆಯನ್ನು ಕೇಳಬೇಕು. ಟಿ. ವಿ. ರಾಮನ್ ಪುಣೆಯವರು, ಹದಿನಾಲ್ಕನೆಯ ವಯಸ್ಸಿನಲ್ಲಿ ಗ್ಲಾಕೋಮಾ ರೋಗದಿಂದ ದೃಷ್ಟಿಯನ್ನು ಕಳೆದುಕೊಂಡರು. ಮುಂಬಯಿಯ ಐಐಟಿಯಲ್ಲಿ ಓದಿ, ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾನಿಲಯದಲ್ಲಿ 1994ರಲ್ಲಿ ಡಾಕ್ಟರೇಟ್ ಪಡೆದರು. ಗಣಿತದ ಸೂತ್ರಗಳನ್ನು ಕಿವಿಗೆ ತಲುಪಿಸುವುದು ಹೇಗೆಂಬುದೇ ಅವರ ಪ್ರಬಂಧದ ವಿಷಯ. ಘಾತಾಂಕ ಬಂದಾಗ ಧ್ವನಿಯ ಸ್ಥಾಯಿಯನ್ನೇ ಮೇಲಕ್ಕೇರಿಸುವುದು ಅವರ ಉಪಾಯಗಳಲ್ಲೊಂದು. ಕಣ್ಣಿಗೆ ಮೇಲೆ ಬರೆದದ್ದು ಕಿವಿಗೂ ಮೇಲೆಯೇ ಕೇಳಿಸಿತು. ಮರುವರ್ಷ ಅವರು ಈಮ್ಯಾಕ್‌ಸ್ಪೀಕ್ ಎಂಬ ಮಾತಾಡುವ ಕಾರ್ಯಸ್ಥಾನವನ್ನು ಬಿಡುಗಡೆ ಮಾಡಿದರು; ಲಿನಕ್ಸ್ ಬಳಸುವ ದೃಷ್ಟಿಹೀನರಿಗೆ ಅದು ಇಂದಿಗೂ ನೆರವಾಗುತ್ತಿದೆ.

ಎರಡನೆಯ ಆಕ್ಷೇಪಣೆ: ಇಂಥವರ ಸಂಖ್ಯೆ ಕಡಮೆ. 2011ರ ಜನಗಣತಿಯಂತೆ ಭಾರತದಲ್ಲಿ ದೃಷ್ಟಿದೋಷವುಳ್ಳವರು ಸುಮಾರು 50 ಲಕ್ಷ. ಕರ್ನಾಟಕದಲ್ಲಿಯೇ ಸುಮಾರು 2 ಲಕ್ಷ 64 ಸಾವಿರ. ಇದು ಕಡಮೆಯೆನ್ನುವಂತಿಲ್ಲ. ಅವರಲ್ಲಿ ಲಿನಕ್ಸನ್ನು ಬಳಸುವವರು ಕೆಲವರೇ ಎಂಬುದು ನಿಜವಿರಬಹುದು. ಆದರೆ ಸೇತುವೆಯಿಲ್ಲದ ಹೊಳೆಯನ್ನು ದಾಟುವವರು ಕಡಮೆಯೆಂದು ಸೇತುವೆ ಬೇಡವೆನ್ನುವುದು ಯಾವ ತರ್ಕ?

ಮೂರನೆಯದು ಸ್ವಲ್ಪ ತೂಕವುಳ್ಳದ್ದು. ಮುಕ್ತ ತಂತ್ರಾಂಶವನ್ನು ರಚಿಸುವವರಲ್ಲಿ ಎಷ್ಟೋ ಜನ ಬಿಡುವಿನ ವೇಳೆಯಲ್ಲಿ ಸಂಬಳವಿಲ್ಲದೆ ದುಡಿಯುವವರು. ದಾನ ಕೊಟ್ಟವನಲ್ಲಿ ಜಗಳವಾಡುವುದು ಸರಿಯೆ? ಸರಿಯಲ್ಲ. ದೂರದ ದೇಶದ ಸ್ವಯಂಸೇವಕನನ್ನು ನಾವು ಬಯ್ಯುವುದಿಲ್ಲ. ಆದರೆ ಆ ದಾನವನ್ನು ಪಡೆದವರಿಗೆ ಕರ್ತವ್ಯವಿಲ್ಲವೆ? ನಮ್ಮ ಕಾಲೇಜು ಪರವಾನಿಗೆಯ ಹಣವನ್ನು ಉಳಿಸಿತು. ನಮ್ಮ ನಗರದ ಸಂಸ್ಥೆಗಳು ಅದೇ ಲಿನಕ್ಸಿನ ಮೇಲೆ ವ್ಯಾಪಾರ ನಡೆಸಿ ಲಾಭ ಗಳಿಸುತ್ತವೆ. ಜರ್ಮನಿಯ ಸರ್ಕಾರದ ಒಂದು ನಿಧಿ 2023ರಲ್ಲಿ ಗ್ನೋಮ್ ಯೋಜನೆಗೆ 10 ಲಕ್ಷ ಯೂರೋಗಳನ್ನು ಒದಗಿಸಿತು; ದೃಷ್ಟಿಹೀನರಿಗೆ ನೆರವಾಗುವ ಭಾಗಗಳ ಸುಧಾರಣೆಗೂ ಅದರಲ್ಲಿ ಪಾಲು ದೊರೆಯಿತು. ಬೆಂಗಳೂರಿನಂಥ ನಗರಕ್ಕೆ ಇದು ಅನುಕರಣೀಯವಾದ ಮಾರ್ಗ. ಮುಕ್ತವೆಂದರೆ ಬಿಟ್ಟಿ ಎಂದಷ್ಟೇ ಅರ್ಥಮಾಡಿಕೊಂಡವರು ಅದರ ಅರ್ಧವನ್ನು ಮಾತ್ರ ತಿಳಿದವರು. ಬೀಗದೊಳಗಿರುವ ತಂತ್ರಾಂಶ ಮೂಕವಾದರೆ ನಾವು ಮಾರಾಟಗಾರನನ್ನು ಬೇಡಿಕೊಳ್ಳಬಹುದು, ಅಷ್ಟೆ. ಮುಕ್ತವಾದ ತಂತ್ರಾಂಶ ಮೂಕವಾದರೆ ಅದನ್ನು ಮಾತನಾಡಿಸುವ ಅಧಿಕಾರ ನಮ್ಮ ಕೈಯಲ್ಲಿಯೇ ಇದೆ. ಅಧಿಕಾರವಿರುವಲ್ಲಿ ಹೊಣೆಯೂ ಇದೆ.

ನಾಲ್ಕನೆಯದು ಈಚಿನದು: ಕೃತಕ ಬುದ್ಧಿಯೇ ತೆರೆಯ ಚಿತ್ರವನ್ನು ನೋಡಿ ಹೇಳಿಬಿಡುವುದು, ಹೆಸರು ಬರೆಯುವ ಕಷ್ಟವೇಕೆ? ಹೆಸರಿಲ್ಲದ ಚಿತ್ರಗಳಿಗೆ ಅದು ನೆರವಾಗುವುದು ನಿಜ. ಆದರೆ ಅದು ಮಾಡುವುದು ಊಹೆ. ಬ್ಯಾಂಕಿನ ಹಣವನ್ನು ಕಳುಹಿಸುವ ಗುಂಡಿಯನ್ನೋ ಪರೀಕ್ಷೆಯ ಉತ್ತರವನ್ನು ಒಪ್ಪಿಸುವ ಗುಂಡಿಯನ್ನೋ ಊಹೆಯ ಮೇಲೆ ಒತ್ತಲು ಕಣ್ಣುಳ್ಳ ನಾವು ಒಪ್ಪುವೆವೆ? ಒಂದು ಸಾಲಿನಲ್ಲಿ ಹೆಸರು ಬರೆದರೆ ಮುಗಿಯುವ ಕೆಲಸಕ್ಕೆ ಭಾರಿ ಯಂತ್ರಗಳನ್ನು ಓಡಿಸಿ ಊಹಿಸುವುದು ವಿಜ್ಞಾನಕ್ಕೆ ತಕ್ಕ ಮಿತವ್ಯಯವೂ ಅಲ್ಲ.

ಇದು ಕರುಣೆಯ ವಿಷಯವೆಂದು ಯಾರೂ ಭಾವಿಸಬಾರದು. ಮೈಸೂರಿನಲ್ಲಿ ಅಂಧ ಮತ್ತು ಕಿವುಡ ಮಕ್ಕಳಿಗಾಗಿ ಶಾಲೆ ಆರಂಭವಾದುದು 1901ರಲ್ಲಿ. ಅಂದು ಅದು ದಯೆಯ ಕೆಲಸವಾಗಿತ್ತು. ಇಂದು ಕಾನೂನು ಬೇರೆಯೇ ಇದೆ. 2016ರ ವಿಕಲಚೇತನರ ಹಕ್ಕುಗಳ ಅಧಿನಿಯಮ ಮಾಹಿತಿ ತಂತ್ರಜ್ಞಾನವೂ ಎಲ್ಲರಿಗೂ ಎಟಕುವಂತಿರಬೇಕೆಂದು ವಿಧಿಸಿದೆ. ಸುಪ್ರೀಂ ಕೋರ್ಟು 2025ರ ಏಪ್ರಿಲ್ 30ರ ತೀರ್ಪಿನಲ್ಲಿ ಡಿಜಿಟಲ್ ಸೇವೆಗಳು ಕೈಗೆಟಕುವುದು ಸಂವಿಧಾನದ 21ನೆಯ ಅನುಚ್ಛೇದ ಕೊಡುವ ಜೀವನದ ಹಕ್ಕಿನ ಭಾಗವೆಂದು ಸಾರಿದೆ. ನಮ್ಮ ಬಡಾವಣೆಗೆ ಸಮೀಪದ ಜೀವನ್ ಬಿಮಾ ನಗರದಲ್ಲಿರುವ ರಾಷ್ಟ್ರೀಯ ಅಂಧರ ಸಂಸ್ಥೆಯ ಕರ್ನಾಟಕ ಶಾಖೆ, 1990ರಿಂದ ನಡೆಯುತ್ತಿರುವ ಮಿತ್ರಜ್ಯೋತಿ, 1999ರಲ್ಲಿ ಆರಂಭವಾದ ಎನೇಬಲ್ ಇಂಡಿಯಾ ಮೊದಲಾದ ಸಂಸ್ಥೆಗಳು ದೃಷ್ಟಿಹೀನ ತರುಣರನ್ನು ಉದ್ಯೋಗಕ್ಕೆ ಸಿದ್ಧಗೊಳಿಸುತ್ತಿವೆ. ಅವರು ಸಿದ್ಧರಾಗಿ ಬಂದು ನಮ್ಮ ಬಾಗಿಲನ್ನು ತಟ್ಟುವಾಗ ನಮ್ಮ ಯಂತ್ರಗಳು ಸಿದ್ಧವಾಗಿಲ್ಲವೆಂದರೆ ತಲೆ ತಗ್ಗಿಸಬೇಕಾದವರು ನಾವು.

ವಿದ್ಯಾರ್ಥಿ ಮಿತ್ರರು ಮಾಡಬಹುದಾದ ಒಂದು ಪ್ರಯೋಗವನ್ನು ಇಲ್ಲಿ ಸೂಚಿಸುತ್ತೇವೆ. ಗ್ನೋಮ್ ಇರುವ ಯಾವುದಾದರೊಂದು ಲಿನಕ್ಸ್ ಯಂತ್ರದ ಮುಂದೆ ಕುಳಿತು ಸೂಪರ್, ಆಲ್ಟ್, ಎಸ್ ಎಂಬ ಮೂರು ಕೀಲಿಗಳನ್ನು ಒಟ್ಟಿಗೆ ಒತ್ತಿರಿ. ಓರ್ಕಾ ಮಾತನಾಡತೊಡಗುತ್ತದೆ. ಈಗ ತೆರೆಯ ಮೇಲೆ ಒಂದು ಟವೆಲನ್ನು ಹೊದಿಸಿರಿ, ಮೌಸನ್ನು ಪಕ್ಕಕ್ಕಿಡಿರಿ. ಗೆಳೆಯನಿಗೆ ಒಂದು ಪತ್ರವನ್ನು ಬರೆದು ಉಳಿಸಿರಿ. ಎಲ್ಲಿ ದಾರಿ ತಪ್ಪಿತು, ಯಾವ ಗುಂಡಿ ಹೆಸರಿಲ್ಲದೆ ನಿಂತಿತು, ಯಾವ ಕನ್ನಡ ಪದ ಕೆಟ್ಟಿತು ಎಂಬುದನ್ನು ಒಂದು ಹಾಳೆಯ ಮೇಲೆ ಗುರುತು ಹಾಕಿಕೊಳ್ಳಿರಿ. ಆ ಹಾಳೆಯನ್ನು ತಂತ್ರಾಂಶವನ್ನು ರಚಿಸಿದವರಿಗೆ ಕಳುಹಿಸಿಕೊಡಿರಿ. ತಿದ್ದಲು ಬಲ್ಲವರಾದರೆ ತಿದ್ದಿಯೇ ಕಳುಹಿಸಿರಿ. ನೀವು ಸ್ವತಃ ರಚಿಸುವ ತಂತ್ರಾಂಶದಲ್ಲಿ ಪ್ರತಿ ಗುಂಡಿಗೂ ಹೆಸರನ್ನು ಬರೆಯಿರಿ. ಟಿಪ್ಪಣಿಯನ್ನು ಹಂಚುವಾಗ ಚಿತ್ರವಾಗಿ ಹಂಚದೆ ಯೂನಿಕೋಡ್ ಅಕ್ಷರಗಳಲ್ಲಿ ಹಂಚಿರಿ.

ನಮ್ಮ ಪ್ರಯೋಗಾಲಯದ ಯಂತ್ರಗಳಿಗೆ ಮಾತು ಬರಿಸಲು ಒಂದು ಮಧ್ಯಾಹ್ನ ಸಾಕಾಯಿತು. ಬಿಟ್ಟುಹೋಗಿದ್ದ ಭಾಗಗಳನ್ನು ಅಳವಡಿಸಿದೆವು. ಪ್ರವೇಶದ ತೆರೆಯನ್ನು ಬದಲಾಯಿಸಿದೆವು. ಪ್ರಶ್ನಪರೀಕ್ಷೆಯ ತಂತ್ರಾಂಶಕ್ಕೆ ಹೆಸರುಗಳನ್ನು ಬರೆಯಲು ಆ ವಿದ್ಯಾರ್ಥಿಯೂ ಅವನ ಇಬ್ಬರು ಸಹಪಾಠಿಗಳೂ ಎರಡು ಸಂಜೆ ಕುಳಿತರು. ಎಲ್ಲವೂ ಸರಿಹೋಯಿತೆಂದು ಹೇಳಲಾರೆವು. ಭೌತವಿಜ್ಞಾನದ ನಮ್ಮ ಹಳೆಯ ಟಿಪ್ಪಣಿಗಳಲ್ಲಿರುವ ನಕ್ಷೆಗಳು ಅವನಿಗೆ ಇನ್ನೂ ಖಾಲಿ ಹಾಳೆಗಳಾಗಿಯೇ ಉಳಿದಿವೆ. ಅವಕ್ಕೆ ವಿವರಣೆಗಳನ್ನು ಬರೆಯುವ ಕೆಲಸವನ್ನು ನಾವೀಗ ಕೈಗೆತ್ತಿಕೊಂಡಿದ್ದೇವೆ. ಹೊಸ ಯಂತ್ರವನ್ನೋ ತಂತ್ರಾಂಶವನ್ನೋ ಆರಿಸುವಾಗ ಸಮಿತಿಯ ಮುಂದಿಡುವ ಪಟ್ಟಿಯಲ್ಲಿ ಮೊದಲ ಸಾಲು ಈಗ ಹೀಗಿದೆ: “ಮಾತನಾಡುತ್ತದೆಯೆ?” ನಿಮ್ಮ ಶಾಲೆ ಕಾಲೇಜುಗಳ ಪಟ್ಟಿಯಲ್ಲಿ ಈ ಸಾಲು ಇದೆಯೇ ಎಂದು ನಾಳೆಯೇ ವಿಚಾರಿಸಿರಿ. ಇಲ್ಲವಾದರೆ ಅದನ್ನು ಬರೆಸುವವರು ನೀವೇ ಆಗಿರಿ.